ಮೇಲಿನ ಮನೆಯ ಮೀಸೆ, ಕೆಳಗಿನ ಮನೆಯ ಮಚ್ಚು

ಆಗ ನನಗೆ ಅರವತ್ತೆರಡು. ಹದಿನೆಂಟು ವರ್ಷದ ಹಿಂದಿನ ಮಾತು. ಆ ವಯಸ್ಸಿನಲ್ಲಿ ನಮ್ಮ ಬೀದಿಯ ಬೇರೆ ಹೆಂಗಸರು ಭಜನೆಗೆ ಹೋಗುತ್ತಿದ್ದರು, ನಾನು ಕೊಲೆ ನೋಡುತ್ತಿದ್ದೆ. ಗಾಬರಿಯಾಗಬೇಡಿ, ಟೀವಿಯಲ್ಲಿ. ಊಟ ಮುಗಿಸಿ, ಪಾತ್ರೆ ಕವುಚಿಟ್ಟು ಕೂತ ಮೇಲೆ ಒಂದಾದರೂ ಹೆಣ ಬೀಳದಿದ್ದರೆ ನನಗೆ ತಿಂದ ಮುದ್ದೆ ಅರಗುತ್ತಿರಲಿಲ್ಲ. ಅಳುವ ಸಿನಿಮಾ ನನಗೆ ಆಗದು. ಅತ್ತೆ ಬೈದಳು, ಸೊಸೆ ಅತ್ತಳು. ಅದನ್ನು ನೋಡಲು ಟೀವಿ ಯಾಕೆ, ಕಿಟಕಿ ಸಾಕು. ಕೊಲೆ ಸಿನಿಮಾ ಹಾಗಲ್ಲ. ಅಲ್ಲಿ ನೋಡುವವರಿಗೂ ಕೆಲಸ ಇರುತ್ತದೆ. ಯಾರು ಮಾಡಿದರು ಅಂತ ಕಂಡುಹಿಡಿಯಬೇಕು. ಓದು ಬರಹ ಬೇಡ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಸಿನಿಮಾದ ಹೆಸರನ್ನು ಕೂಡಿಸಿ ಓದುವಷ್ಟರಲ್ಲಿ ಹೆಸರು ಹೋಗಿ ಹೆಣ ಬಂದಿರುತ್ತದೆ. ಆದರೂ ಕೊಲೆಗಾರನನ್ನು ಹಿಡಿಯುವುದರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಪಕ್ಕದ ಮನೆ ಜಲಜಮ್ಮನಿಗಿಂತ ನಾನೇ ಮುಂದು.

ನಮ್ಮದು ಬಸವೇಶ್ವರನಗರದಲ್ಲಿ ಕೆಳಗೊಂದು ಮೇಲೊಂದು ಮನೆ. ಯಜಮಾನರು ಫ್ಯಾಕ್ಟರಿಯಲ್ಲಿ ದುಡಿದು ಕಟ್ಟಿಸಿದ್ದು. ಅವರು ಹೋದ ಮೇಲೆ ಕೆಳಗೆ ನಾನು, ಮೇಲೆ ಬಾಡಿಗೆಯವರು. ಮಗಳು ಕೆಂಗೇರಿಯಲ್ಲಿದ್ದಾಳೆ, ಬಂದು ಇರು ಅನ್ನುತ್ತಾಳೆ. ಅವಳ ಮನೆಯಲ್ಲಿ ರಿಮೋಟು ಅಳಿಯನ ಕೈಯಲ್ಲಿರುತ್ತದೆ, ಅದಕ್ಕೇ ಹೋಗುವುದಿಲ್ಲ. ನಮ್ಮ ಬೀದಿಯ ಕೇಬಲ್ಲಿನವನು ತನ್ನದೇ ಒಂದು ಚಾನೆಲ್ಲಿನಲ್ಲಿ ಮಧ್ಯಾಹ್ನ ಒಂದು ಸಿನಿಮಾ ಹಾಕುತ್ತಿದ್ದ. ಅದರ ಕೆಳಗೆ ನಮ್ಮ ಏರಿಯಾದ ಅಂಗಡಿಗಳ ಜಾಹೀರಾತು ಓಡುತ್ತಿತ್ತು. ಸತ್ತವನ ತೆರೆದ ಬಾಯಿಯ ಮೇಲೆ ಹಲ್ಲಿನ ಡಾಕ್ಟರ ವಿಳಾಸ ಸರಿದುಹೋಗುವುದನ್ನು ನೋಡಬೇಕು, ಬಹಳ ಒಪ್ಪುತ್ತಿತ್ತು.

ನನಗೂ ಜಲಜಮ್ಮನಿಗೂ ಒಂದು ಪಂಥವಿತ್ತು. ಸಿನಿಮಾ ಅರ್ಧವಾಗುವುದರೊಳಗೆ ಕೊಲೆಗಾರ ಯಾರು ಅಂತ ಇಬ್ಬರೂ ಹೇಳಿಬಿಡಬೇಕು. ತಪ್ಪಿದವರು ಸಂಜೆಗೆ ವಡೆ ಸುಡಬೇಕು. ವರ್ಷಗಟ್ಟಲೆ ನಾನು ಜಲಜಮ್ಮನ ಮನೆಯ ವಡೆ ತಿಂದೆ. ಅದೇನು ಕಷ್ಟದ ವಿದ್ಯೆಯಲ್ಲ, ಮುಖ ನೋಡಿದರೆ ಸಾಕು. ಕೆನ್ನೆಯಲ್ಲೋ ಹುಬ್ಬಿನಲ್ಲೋ ಗಾಯದ ಗುರುತಿದ್ದರೆ ಅವನು. ಬೆಕ್ಕಿನ ಕಣ್ಣಿದ್ದರೆ ಅವನು. ಕುಂಟಿದರೆ, ಗಡ್ಡ ಬಿಟ್ಟರೆ, ಬೇರೆ ಊರಿನ ಮಾತಾಡಿದರೆ, ಒಂಟಿಯಾಗಿ ಮಹಡಿ ಮೇಲೆ ಇದ್ದರೆ ಅವನೇ. ಅಡಿಗೆಯವನು, ವಾಚ್‌ಮನ್ನು, ಡ್ರೈವರು ಇವರ ಮೇಲೆ ಒಂದು ಕಣ್ಣಿಟ್ಟಿರಬೇಕು. ಬೆಳ್ಳಗಿದ್ದವರು ಕೊಲ್ಲುವುದಿಲ್ಲ, ಅವರಿಗೆ ಹಾಡಿರುತ್ತದೆ. ನನ್ನ ಬಣ್ಣದವಳಿಗೆ ಸಿನಿಮಾದಲ್ಲಿ ಎರಡೇ ಕೆಲಸ: ಕಸ ಗುಡಿಸುವುದು, ಇಲ್ಲವೇ ಮಾಟ ಮಾಡುವುದು. ನಮ್ಮ ಯಜಮಾನರಿಗೆ ಬೆಕ್ಕಿನ ಕಣ್ಣು, ಮೇಲೆ ಗಡಸು ದನಿ. ಸಿನಿಮಾದ ಲೆಕ್ಕದಲ್ಲಿ ಅವರು ಇಡೀ ಬಸವೇಶ್ವರನಗರವನ್ನು ಮುಗಿಸಿರಬೇಕಿತ್ತು. ಜಿರಳೆ ಕಂಡರೆ ಮಂಚ ಹತ್ತಿ ನಿಂತು ನನ್ನನ್ನು ಕೂಗುತ್ತಿದ್ದ ಮನುಷ್ಯ. ಇಷ್ಟು ಗೊತ್ತಿದ್ದೂ ಟೀವಿ ಮುಂದೆ ಕೂತಾಗ ಅದೊಂದೂ ನೆನಪಾಗುತ್ತಿರಲಿಲ್ಲ. ವಡೆ ಅಷ್ಟು ರುಚಿಯಾಗಿರುತ್ತಿತ್ತು.

ಆಮೇಲೆ ಸಿನಿಮಾದವರ ಬುದ್ಧಿ ಕೆಟ್ಟಿತು. ಗಾಯದ ಗುರುತಿನವನನ್ನು ಕೊನೆಯವರೆಗೂ ಓಡಿಸಾಡಿಸಿ, ಕಡೆಗೆ ಅವನು ಪಾಪದವನು, ಕೊಂದದ್ದು ಕನ್ನಡಕ ಹಾಕಿಕೊಂಡು ಮೆತ್ತಗೆ ಮಾತಾಡುವ ಮೇಷ್ಟ್ರು ಅಂತ ತೋರಿಸತೊಡಗಿದರು. ನಾನು ಒಂದರ ಮೇಲೊಂದು ಸೋತೆ. ಜಲಜಮ್ಮ ನನ್ನ ಮನೆಯಲ್ಲಿ ಕೂತು ವಡೆ ಮುರಿಯುತ್ತಾ, "ಕಾಲ ಬದಲಾಯ್ತು ಕಣ್ರೀ ಕೆಂಪಮ್ಮ. ಈಗ ಯಾರು ಒಳ್ಳೆಯವರ ಥರ ಕಾಣ್ತಾರೋ ಅವರೇ ಕಳ್ಳರು. ನೀವಿನ್ನೂ ಗಡ್ಡ ಹಿಡ್ಕೊಂಡು ಕೂತಿದ್ದೀರ" ಅನ್ನುತ್ತಿದ್ದಳು. ನನ್ನ ಎಣ್ಣೆ, ನನ್ನ ಬೇಳೆ, ಮೇಲೆ ಅವಳ ಬುದ್ಧಿವಾದ ಬೇರೆ.

ಇಂಥ ಸಮಯದಲ್ಲೇ ಸಂಗಪ್ಪ ಬಾಡಿಗೆಗೆ ಬಂದದ್ದು. ಬಾಗಲಕೋಟೆ ಕಡೆಯವನು. ಪೀಣ್ಯದಲ್ಲಿ ಯಾವುದೋ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಲಗ್ಗೆರೆಯಲ್ಲಿ ಗೆಳೆಯರ ಜೊತೆ ಒಂದು ರೂಮಿನಲ್ಲಿದ್ದನಂತೆ. ಅವನು ಬಾಗಿಲಿಗೆ ಬಂದ ಹೊತ್ತಿನಲ್ಲಿ ಗ್ಯಾಸಿನವನು ಸಿಲಿಂಡರನ್ನು ಗೇಟಿನ ಹತ್ತಿರವೇ ಬಿಟ್ಟುಹೋಗಿದ್ದ. ನಾನು ಅದರ ಮುಂದೆ ನಿಂತು ಗ್ಯಾಸಿನವನ ವಂಶವನ್ನೆಲ್ಲ ಬೈಯುತ್ತಿದ್ದೆ.

"ಮನಿ ಖಾಲಿ ಐತೇನ್ರಿ ಅಮ್ಮಾರ?" ಅಂದವನು ಉತ್ತರಕ್ಕೂ ಕಾಯದೆ ಸಿಲಿಂಡರನ್ನು ಒಂದೇ ಕೈಯಲ್ಲಿ ಎತ್ತಿ ಅಡುಗೆಮನೆಯಲ್ಲಿ ಇಟ್ಟುಬಂದ.

"ಬ್ಯಾಚುಲರ್‌ಗೆ ಕೊಡಲ್ಲಪ್ಪ" ಅಂದೆ.

"ಮದುವಿ ಆಗೇತ್ರಿ. ಹ್ವಾದ ತಿಂಗಳ ಆತ್ರಿ. ಹೆಂಡ್ತಿ ಊರಾಗ ಅದಾಳ್ರಿ. ಮನಿ ಸಿಕ್ಕ ಕೂಡಲೆ ಕರಕೊಂಡ ಬರ್ತೀನ್ರಿ."

ಕೊಟ್ಟುಬಿಟ್ಟೆ. ಆ ಹೊತ್ತಿಗೆ ನನಗೆ ಕಂಡದ್ದು ಸಿಲಿಂಡರು ಮಾತ್ರ. ಆರಡಿ ಎತ್ತರ, ಕಿವಿಯ ಕಡೆಗೆ ಹೊರಟ ಮೀಸೆ, ಎಡ ಹುಬ್ಬನ್ನು ಎರಡು ಭಾಗ ಮಾಡಿದ ಗಾಯದ ಗುರುತು, ನಿದ್ದೆಗೆಟ್ಟು ಕೆಂಡದಂತಾದ ಕಣ್ಣು, ಇವೆಲ್ಲ ಕಂಡದ್ದು ಅವನು ಬಂದು ಒಂದು ತಿಂಗಳಾದ ಮೇಲೆ. ಅದೂ ಒಂದು ಸಿನಿಮಾ ನೋಡಿ.

ಆ ಸಿನಿಮಾದಲ್ಲಿ ಒಂದು ಮಹಡಿ ಮನೆ. ಮೇಲೆ ಬಾಡಿಗೆಗೆ ಬಂದವರು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ಮಹಡಿಯ ಒಂದು ಕೋಣೆಯಲ್ಲಿ ಗಾಯದ ಗುರುತಿನ ಒಬ್ಬ ಗಂಡಸು, ಎದುರು ಮನೆಯಲ್ಲಿ ನಗುನಗುತ್ತಾ ಮಾತಾಡುವ ಡಾಕ್ಟರು, ಕೆಳಗೆ ಮನೆಯೊಡತಿ. ಒಂಟಿ ಮುದುಕಿ, ವಿಧವೆ, ಪಾಪ ಅನ್ನಿಸುವಂಥವಳು. ಬಂದವರಿಗೆಲ್ಲ ಮಜ್ಜಿಗೆ ಕೊಡುತ್ತಾ ಓಡಾಡಿಕೊಂಡಿರುತ್ತಾಳೆ. ನಾನು ಅವಳನ್ನು ಸರಿಯಾಗಿ ನೋಡಲೂ ಇಲ್ಲ. ಮನೆಯಲ್ಲಿ ಕನ್ನಡಿ ಇಲ್ಲವೇ!

"ಮೇಲಿನ ಮನೆಯವನೇ ಕಣ್ರೀ. ಹುಬ್ಬು ನೋಡಿ" ಅಂದೆ.

"ಅಲ್ಲ ಕಣ್ರೀ, ಡಾಕ್ಟ್ರು. ನಗು ನೋಡಿ" ಅಂದಳು ಜಲಜಮ್ಮ.

ಪೊಲೀಸಿನವನು ಎಲ್ಲರನ್ನೂ ಸಾಲಾಗಿ ಕೂರಿಸಿ, "ಕೊಲೆ ಮಾಡಿದವರು ಈ ಕೋಣೆಯಲ್ಲೇ ಇದ್ದಾರೆ" ಅಂತ ಬೆರಳೆತ್ತಿದ. ಕರೆಂಟು ಹೋಯಿತು. ಇಬ್ಬರೂ ಕತ್ತಲಾದ ಟೀವಿಯನ್ನು ಬಹಳ ಹೊತ್ತು ನೋಡಿದೆವು. ಕರೆಂಟು ಬಂದಾಗ ಆ ಜಾಗದಲ್ಲಿ ಭಕ್ತಿಗೀತೆ ಬರುತ್ತಿತ್ತು. ಯಾರು ಸೋತರೆಂದು ಗೊತ್ತಿಲ್ಲದೆ ಯಾರೂ ವಡೆ ಸುಡಲಿಲ್ಲ. ನಮ್ಮಿಬ್ಬರ ನಡುವೆ ಮೂರು ನಾಲ್ಕು ದಿನ ಮಾತು ಬಿಗಿಯಾಗೇ ಇತ್ತು.

ಅವತ್ತು ಸಂಜೆಯೇ ನನ್ನ ತಲೆಯ ಮೇಲೆ ಸದ್ದು ಶುರುವಾಯಿತು. ದಪ್ ದಪ್ ದಪ್. ಸ್ವಲ್ಪ ತಡೆದು ಮತ್ತೆ ದಪ್ ದಪ್ ದಪ್. ಅದುವರೆಗೆ ಆ ಸದ್ದು ಇರಲಿಲ್ಲ ಅಂತಲ್ಲ. ಇತ್ತು, ನಾನು ಕಿವಿ ಕೊಟ್ಟಿರಲಿಲ್ಲ. ಈಗ ಕೊಟ್ಟೆ. ಯಾರನ್ನೋ ಕಟ್ಟಿಹಾಕಿ ಗುದ್ದಿದಂತೆ, ನೆಲ ಅಗೆದು ಏನನ್ನೋ ಮುಚ್ಚಿ ಬಡಿದು ಗಟ್ಟಿಮಾಡಿದಂತೆ. ಮಹಡಿಯ ಮೇಲೆ ಅಗೆದರೆ ನನ್ನ ಅಡುಗೆಮನೆಗೇ ತೂತಾಗುತ್ತದೆ ಅನ್ನುವುದು ಆಗ ಹೊಳೆಯಲಿಲ್ಲ. ಭಯವಾದಾಗ ಯಾರು ಅಷ್ಟೆಲ್ಲ ಯೋಚಿಸುತ್ತಾರೆ? ಸಿಲಿಂಡರನ್ನು ಒಂದೇ ಕೈಯಲ್ಲಿ ಎತ್ತಿದವನು ಇನ್ನೇನನ್ನೆಲ್ಲ ಎತ್ತಿರಬಹುದು ಅಂತ ಮಾತ್ರ ಯೋಚಿಸಿದೆ.

ಒಳಗೆ ಏನಿದೆ ಅಂತ ನೋಡಬೇಕಲ್ಲ. ಸುಮ್ಮನೆ ಹೋಗಿ ಬಾಗಿಲು ತಟ್ಟುವುದು ಹೇಗೆ? ಮಾರನೆಯ ದಿನದಿಂದ ಒಂದು ಲೋಟ ಮಜ್ಜಿಗೆ ಹಿಡಿದು ಮೆಟ್ಟಿಲು ಹತ್ತಿದೆ. ಅವನು ಬಾಗಿಲನ್ನು ಒಂದು ಗೇಣು ತೆರೆದು, ಕೈ ಮಾತ್ರ ಹೊರಗೆ ಚಾಚಿ ಲೋಟ ತೆಗೆದುಕೊಳ್ಳುತ್ತಿದ್ದ. ಚಿಲಕ ಎರಡು ಸಲ ಬಿದ್ದ ಸದ್ದು ಕೇಳುತ್ತಿತ್ತು. ಮೊದಮೊದಲು ಎದುರಿಗೆ ಸಿಕ್ಕರೆ ಬಾಯಿ ತುಂಬ ಮಾತಾಡುತ್ತಿದ್ದವನು ಈಗ ನನ್ನನ್ನು ಕಂಡರೆ ಗೋಡೆಗೆ ಒತ್ತಿಕೊಂಡು ಹೋಗುತ್ತಿದ್ದ. ಒಂದು ದಿನ ಕೆಳಗೆ ನಿಂತು ನೋಡುತ್ತೇನೆ, ನನ್ನ ಮಜ್ಜಿಗೆಯನ್ನು ಮಹಡಿಯಿಂದ ಕರಿಬೇವಿನ ಗಿಡಕ್ಕೆ ಸುರಿಯುತ್ತಿದ್ದಾನೆ! ಇಂಗು ಒಗ್ಗರಣೆ ಹಾಕಿದ ಮಜ್ಜಿಗೆ!

"ನೋಡಿದ್ರಾ? ಮನೆ ಮಜ್ಜಿಗೆ ಕುಡಿಯದವನು ಏನು ಮಾಡೋಕೂ ಹೇಸಲ್ಲ" ಅಂದೆ ಜಲಜಮ್ಮನಿಗೆ. ನಮ್ಮ ಜಗಳ ಅಲ್ಲಿಗೆ ಮುಗಿಯಿತು. ಒಂದೇ ಮನುಷ್ಯನ ಮೇಲೆ ಅನುಮಾನಪಟ್ಟರೆ ಅಕ್ಕಪಕ್ಕದ ಮನೆಯವರ ನಡುವೆ ಬಹಳ ಬೇಗ ಪ್ರೀತಿ ಬೆಳೆಯುತ್ತದೆ.

"ಹೆಂಡ್ತಿ ಬಂದ್ಲಾ?" ಅಂದಳು.

"ಎಲ್ಲಿ? ನಿನ್ನೆ ಕೇಳಿದೆ, ಯಾವಾಗಪ್ಪ ಕರ್ಕೊಂಡ್ ಬರ್ತೀಯ ಅಂತ. ನನ್ನ ಕೈ ನೋಡ್ತಾನೆ, ಮುಖ ನೋಡ್ತಾನೆ, 'ಸ್ವಲ್ಪ ತಡಾ ಐತ್ರಿ' ಅಂತ ಓಡಿಹೋಗ್ತಾನೆ."

ಜಲಜಮ್ಮ ದನಿ ತಗ್ಗಿಸಿದಳು. "ಎಲ್ಲಿಂದ ಕರ್ಕೊಂಡ್ ಬರ್ತಾನೆ? ಇದ್ದಳೇನೋ. ಈಗ ಇಲ್ಲ."

ಮೇಲೆ ದಪ್ ದಪ್ ದಪ್.

ಭಾನುವಾರ ಅವನಿಗೆ ರಜ. ಅವತ್ತು ಮನೆ ಖಾಲಿ ಮಾಡು ಅಂತ ಹೇಳಿಬಿಡುವುದೆಂದು ತೀರ್ಮಾನ ಮಾಡಿದೆವು. ಜೊತೆಗೆ ಜಲಜಮ್ಮ ಬರಬೇಕು, ಮಾತಾಡಬೇಕಾದವಳು ನಾನು. ಧೈರ್ಯಕ್ಕಿರಲಿ ಅಂತ ಬೆಳಿಗ್ಗೆಯೇ ವಡೆಗೆ ಬೇಳೆ ನೆನೆಸಿದೆ. ತಲೆಗೆ ನೀರು ಹಾಕಿಕೊಂಡು, ಕೂದಲು ಒಣಗಲೆಂದು ಬಿಚ್ಚಿಬಿಟ್ಟು, ಬಾಯಿಗೆ ಎಲೆಅಡಿಕೆ ಹಾಕಿಕೊಂಡು, ಚಟ್ನಿಗೆ ಕಾಯಿ ಒಡೆಯುತ್ತಾ ಕೂತಿದ್ದೆ. ಕಾಯಿಗೆ ನಾನು ಮಚ್ಚನ್ನೇ ಬಳಸುವುದು. ತವರಿಂದ ತಂದದ್ದು, ಮೊಳದುದ್ದ ಇದೆ. ಅಷ್ಟರಲ್ಲಿ ತಲೆಯ ಮೇಲೆ ದಪ್ ದಪ್ ದಪ್. ಜಲಜಮ್ಮ ಕೈಯಲ್ಲಿ ಲಟ್ಟಣಿಗೆ ಹಿಡಿದು ಓಡಿಬಂದಳು.

"ಶುರುವಾಯ್ತು ಕಣ್ರೀ! ಹಗಲು ಹೊತ್ತಲ್ಲೇ! ಬನ್ನಿ, ಕೈಯಾರೆ ಹಿಡಿಯೋಣ!"

ಇದ್ದವಳು ಇದ್ದ ಹಾಗೇ ಎದ್ದೆ. ಮೆಟ್ಟಿಲು ಹತ್ತಿದ ರಭಸಕ್ಕೆ ಮಂಡಿನೋವು ಕೂಡ ಹಿಂದೆ ಬಿತ್ತು. ಬಾಗಿಲು ದಬದಬ ಬಡಿದೆ. ಸದ್ದು ನಿಂತಿತು. ಒಂದು ಚಿಲಕ ಸರಿಯಿತು, ಇನ್ನೊಂದು ಚಿಲಕ ಸರಿಯಿತು, ಬಾಗಿಲು ತೆರೆಯಿತು.

ನಾನು ಕಂಡದ್ದು ಇಷ್ಟು: ಬನಿಯನ್-ಲುಂಗಿಯಲ್ಲಿ ಆರಡಿ ಗಂಡಸು, ಮೊಣಕೈವರೆಗೆ ಬಿಳಿ ಹಿಟ್ಟು, ಮೀಸೆಯ ಒಂದು ತುದಿಯಲ್ಲೂ ಹಿಟ್ಟು. ಹಿಂದೆ ನೆಲದ ಮೇಲೆ ಒಂದು ಚಪ್ಪಟೆ ಕಲ್ಲು, ಕಲ್ಲಿನ ಮೇಲೆ ಚಂದಿರನ ಹಾಗೆ ದುಂಡಗೆ ಅರ್ಧ ಬಡಿದ ಜೋಳದ ರೊಟ್ಟಿ. ಅವನು ಕಂಡದ್ದೇನೆಂದು ಆಮೇಲೆ ಯೋಚಿಸಿದೆ: ಬಿಚ್ಚುಗೂದಲ ಕರೀ ಮುದುಕಿ, ಬಾಯೆಲ್ಲ ಕೆಂಪು, ಕೈಯಲ್ಲಿ ಮಚ್ಚು.

"ಯವ್ವಾಽಽ!" ಅಂತ ಕಿರುಚಿದ ನೋಡಿ, ಮಾಗಡಿ ರೋಡಿಗೆ ಕೇಳಿಸಿರಬೇಕು. ಆ ಕಿರುಚಾಟಕ್ಕೆ ನಾನೂ ಕಿರುಚಿದೆ. ನನ್ನ ಕಿರುಚಾಟಕ್ಕೆ ಹಿಂದಿನಿಂದ ಜಲಜಮ್ಮ ಕಿರುಚಿದಳು. ಮಚ್ಚು ಕೈಜಾರಿ ಮೆಟ್ಟಿಲು ಮೆಟ್ಟಿಲಿಗೂ ಠಣ್ ಅನ್ನುತ್ತಾ ಕೆಳಗುರುಳಿತು. ಅವನು ಒಂದೇ ನೆಗೆತಕ್ಕೆ ಬಚ್ಚಲುಮನೆಗೆ ನುಗ್ಗಿ ಒಳಗಿನಿಂದ ಚಿಲಕ ಹಾಕಿಕೊಂಡ.

"ಅಮ್ಮಾರ, ನಾ ಮನಿ ಬಿಡ್ತೀನ್ರಿ! ಈಗ ಬಿಡ್ತೀನ್ರಿ! ನನ್ನ ಏನೂ ಮಾಡಬ್ಯಾಡ್ರಿ!"

ನಾನು ಹೇಳಲು ಬಂದಿದ್ದ ಮಾತನ್ನೇ ಅವನು ಹೇಳುತ್ತಿದ್ದ. ಕೇಳಿದರೆ ಖುಷಿಯಾಗಬೇಕಿತ್ತು, ಮೈಯೆಲ್ಲ ಉರಿಯಿತು. ನಾನು ಬಿಡಿಸುವುದು ಬೇರೆ, ಅವನೇ ಬಿಡುತ್ತೇನೆ ಅನ್ನುವುದು ಬೇರೆ. "ಯಾಕಯ್ಯ ಬಿಡ್ತೀಯ? ನನ್ನ ಮನೆಗೇನಾಗಿದೆ?" ಅಂತ ಬಚ್ಚಲ ಬಾಗಿಲಿಗೆ ಬಾಯಿ ಇಟ್ಟು ಕೇಳಿದೆ.

"ಮನಿ ಚಲೋ ಐತ್ರಿ. ನೀವ..." ಅಂದು ನಿಲ್ಲಿಸಿದ.

"ನಾನು? ನಾನೇನು?"

"ಒಂದ ಸಿನಿಮಾ ನೋಡೀನ್ರಿ ನಾ, ಮ್ಯಾಲೆ ಬಾಡಗಿಗೆ ಬಂದವ್ರು ಒಬ್ಬೊಬ್ರ ಕಾಣೆ ಆಗ್ತಾರ್ರಿ. ಲಗ್ಗೆರಿಯೊಳಗ ದೋಸ್ತನ ರೂಮಿನ್ಯಾಗ ಸೀಡಿ ಹಾಕಿದ್ರು. ಮನಿ ಮಾಲಕಿ ಮುದುಕೀನ ಎಲ್ಲಾರ್ನೂ ಕೊಂದಿರ್ತಾಳ್ರಿ. ಮಜ್ಜಿಗ್ಯಾಗ ವಿಷಾ ಹಾಕಿ. ಮರದಿನಾನ ನೀವು ಮಜ್ಜಿಗಿ ತಂದ್ರಿ!"

ಜಲಜಮ್ಮನೂ ನಾನೂ ಒಬ್ಬರ ಮುಖ ಒಬ್ಬರು ನೋಡಿದೆವು. ಅಂತೂ ವಾರದ ಪಂಥ ಅಲ್ಲಿ, ಬಚ್ಚಲುಮನೆ ಬಾಗಿಲ ಮುಂದೆ ತೀರ್ಮಾನವಾಯಿತು. ಹುಬ್ಬಿನವನೂ ಅಲ್ಲ, ಡಾಕ್ಟರೂ ಅಲ್ಲ, ಮಜ್ಜಿಗೆ ಮುದುಕಿ. ಜಲಜಮ್ಮ ನಗಲು ಶುರುಮಾಡಿದಳು. ನಗುತ್ತಾ ನಗುತ್ತಾ ಅಲ್ಲೇ ನೆಲದ ಮೇಲೆ ಕೂತು, "ನಿಮ್ಮನ್ನ! ನಿಮ್ಮನ್ನ ಕಣ್ರೀ!" ಅಂತ ಲಟ್ಟಣಿಗೆಯಿಂದ ನನ್ನನ್ನು ತೋರಿಸಿ ತೋರಿಸಿ ನಕ್ಕಳು. ಹೆಂಚಿನ ಮೇಲೆ ರೊಟ್ಟಿ ಸೀಯುವ ವಾಸನೆ ಬಂದಾಗ ನಗುತ್ತಲೇ ಎದ್ದು ತಿರುವಿಹಾಕಿದಳು.

ಅವನು ಹೊರಗೆ ಬರಬೇಕಾದರೆ ಮಚ್ಚು ಕೆಳಗೆ ಬಿದ್ದಿದೆ ಅಂತ ನಾನು ದೇವರ ಮೇಲೆ ಆಣೆ ಮಾಡಬೇಕಾಯಿತು. ಬಂದವನು ತಲೆ ತಗ್ಗಿಸಿ ಮತ್ತೆ ಕಲ್ಲಿನ ಮುಂದೆ ಕೂತ. ದಪ್ ದಪ್ ದಪ್. ಅಷ್ಟು ದೊಡ್ಡ ಅಂಗೈಯ ಕೆಳಗೆ ರೊಟ್ಟಿ ತಾನಾಗಿ ತಿರುಗುತ್ತಾ ಅಗಲವಾಗುತ್ತಿತ್ತು. ನಾವು ಮುದ್ದೆ ತಿನ್ನುವ ಜನ. ಅಕ್ಕಿರೊಟ್ಟಿ ತಟ್ಟಿದರೂ ಪಕ್ಕದ ಕೋಣೆಗೆ ಕೇಳಿಸದ ಹಾಗೆ ತಟ್ಟುತ್ತೇವೆ. ರೊಟ್ಟಿಯನ್ನು ಹೀಗೆ ಹೊಡೆದು ಹೊಡೆದು ಮಾಡುತ್ತಾರೆ, ಅದೂ ಇಷ್ಟು ಮೀಸೆ ಇಟ್ಟುಕೊಂಡ ಗಂಡಸು ಮಾಡುತ್ತಾನೆ ಅಂತ ಯಾವ ಸಿನಿಮಾದವನೂ ನನಗೆ ಹೇಳಿರಲಿಲ್ಲ.

"ಅವ್ವ ಹೊಲಕ್ಕ ಹೋಗಾಕಿರಿ. ಸಣ್ಣಾಂವಿದ್ದಾಗಿಂದ ಮನ್ಯಾಗ ನಾನ ಬಡೀತಿದ್ದೆ" ಅಂದ.

"ಆ ಹುಬ್ಬು?" ಅಂತ ಕೇಳಿಯೇಬಿಟ್ಟೆ. ಕತ್ತಿಯೋ ಕೊಡಲಿಯೋ ಅಂತ ಇನ್ನೂ ಒಂದಿಷ್ಟು ಆಸೆ ಇತ್ತು.

"ಪಂಚಮಿ ಹಬ್ಬದಾಗ ಜೋಕಾಲಿ ಹಲಗಿ ಬಡೀತ್ರಿ. ನಮ್ಮಕ್ಕ ಜೀಕಾಕತ್ತಿದ್ಲು, ನಾ ಅಡ್ಡ ಹ್ವಾದೆ."

ಇಷ್ಟೇ. ಜೋಕಾಲಿ! ಒಂದು ವಾರ ನಾನು ಜೋಕಾಲಿಗೆ ಹೆದರಿ ಮಲಗಿದ್ದೆ.

ರೊಟ್ಟಿಗೆ ಬದನೆಕಾಯಿ ಎಣ್ಣೆಗಾಯಿ ಹಾಕಿಕೊಟ್ಟ, ಮೇಲೊಂದು ಚಮಚ ಶೇಂಗಾ ಚಟ್ನಿಪುಡಿ. ನಾನು ಎರಡು ತಿಂದೆ. ಜಲಜಮ್ಮ ಎಷ್ಟು ತಿಂದಳೆಂದು ಹೇಳಿದರೆ ಅವಳು ನನ್ನ ಜೊತೆ ಮತ್ತೆ ಮಾತು ಬಿಡುತ್ತಾಳೆ. ಮಧ್ಯಾಹ್ನಕ್ಕೆ ನೆನೆಸಿದ್ದ ಬೇಳೆ ರುಬ್ಬಿ ವಡೆ ಸುಟ್ಟು ಮೇಲಕ್ಕೆ ಕಳಿಸಿದೆ. ಪಂಥದಲ್ಲಿ ನಾವಿಬ್ಬರೂ ಸೋತಿದ್ದೆವು, ಗೆದ್ದವನು ಅವನೊಬ್ಬನೇ. ಮಜ್ಜಿಗೆಯನ್ನೂ ತೆಗೆದುಕೊಂಡು ಹೋದೆ. ಮೊದಲು ನಾನೇ ಒಂದು ಗುಟುಕು ಕುಡಿದು ತೋರಿಸಿದ ಮೇಲೆ ಕುಡಿದ.

ತಮಾಷೆಯೆಲ್ಲ ಮುಗಿದ ಮೇಲೆ ಗೊತ್ತಾಯಿತು, ಅವನ ಸಂಕಟ ಬೇರೆಯೇ ಇತ್ತು. ಸಿನಿಮಾ ನೋಡಿದ ದಿನವೇ ಹೆಂಡತಿಗೆ ಫೋನಿನಲ್ಲಿ ಕಥೆಯನ್ನೂ ಹೇಳಿದ್ದ, ನನ್ನನ್ನೂ ವರ್ಣಿಸಿದ್ದ. ಬುದ್ಧಿಗೇಡಿ. ಮದುವೆಯಾಗಿ ಗಂಡನ ಜೊತೆ ನೆಟ್ಟಗೆ ನಾಲ್ಕು ದಿನ ಇರದ ಹುಡುಗಿ, "ಆ ಮುದುಕಿ ಇರೂತನಕ ನಾ ಬರಂಗಿಲ್ಲ" ಅಂದಿದ್ದಳಂತೆ. ಇವನು ಬೇರೆ ಮನೆ ಹುಡುಕಿದ್ದ, ಅವನ ಮೀಸೆ ನೋಡಿ ಯಾರೂ ಕೊಟ್ಟಿರಲಿಲ್ಲ. ಮೀಸೆ ತೆಗೆಯೋಣವೆಂದರೆ ಅವಳು ಒಪ್ಪಿದ್ದೇ ಮೀಸೆ ನೋಡಿ. ಅವಳು ಬಾರದಿದ್ದರೆ ಮತ್ತೆ ಲಗ್ಗೆರೆಯ ರೂಮಿಗೆ ಹೋಗಿ ಗೋಡೆ ಪಕ್ಕ ಚಾಪೆ ಹಾಸಬೇಕು. "ನೀವ ಒಂದ ಮಾತ ಹೇಳ್ರಿ ಅಮ್ಮಾರ" ಅಂತ ಕೈ ಮುಗಿದ.

ರಾತ್ರಿ ಮಲಗಿ ಯೋಚಿಸಿದೆ. ಇಷ್ಟು ವರ್ಷ ಸಿನಿಮಾ ನೋಡಿ ಎಷ್ಟು ಜನರ ಗಡ್ಡ, ಹುಬ್ಬು, ಕುಂಟುಕಾಲು ನೋಡಿ ತೀರ್ಪು ಕೊಟ್ಟಿದ್ದೇನೋ. ಒಂದು ಸಲವೂ ನನ್ನ ಬೋಳು ಹಣೆ, ನನ್ನ ಮಚ್ಚು ನನಗೆ ಕಂಡಿರಲಿಲ್ಲ. ಮೊದಲು ನಮ್ಮಂಥ ಮುದುಕಿಯರನ್ನು ಸತ್ತ ಗಂಡನ ಫೋಟೋ ಮುಂದೆ ಕೂರಿಸಿ ಅಳಿಸುತ್ತಿದ್ದರು, ಈಗ ಕೈಗೆ ವಿಷ ಕೊಟ್ಟಿದ್ದಾರೆ. ನಡುವೆ ಒಂದು ದಾರಿ ಇಲ್ಲವೇ? ನಾಲ್ಕು ಗಂಟೆಗೆ ವಡೆ ತಿಂದು ಸುಮ್ಮನಿರುವ ಮುದುಕಿಯನ್ನು ಯಾರಾದರೂ ತೋರಿಸಬಾರದೇ? ಆದರೆ ನಿಜ ಹೇಳುತ್ತೇನೆ, ಆ ಮುದುಕಿಯ ಮೇಲೆ ನನಗೆ ಕೋಪವೇನೂ ಬರಲಿಲ್ಲ. ಅಷ್ಟು ಜನ, ಯಾರಿಗೂ ಗೊತ್ತಾಗದ ಹಾಗೆ, ಬರೀ ಮಜ್ಜಿಗೆಯಲ್ಲಿ! ಒಳ್ಳೆ ಕೆಲಸಗಾತಿ. ಅಳುವವಳಿಗಿಂತ ಮೇಲು.

ಮಾರನೆಯ ದಿನ ಬೆಳಿಗ್ಗೆ ಸಂಗಪ್ಪನ ಜೊತೆ ಎಸ್‌ಟಿಡಿ ಬೂತಿಗೆ ಹೋದೆ. ಅವರ ಊರಿನಲ್ಲಿ ಪಕ್ಕದ ಮನೆಯವರು ಅವಳನ್ನು ಫೋನಿಗೆ ಕರೆತಂದರು. ಹೆಸರು ಮಹಾದೇವಿ. ಎಂಥಾ ದನಿ ಅಂತೀರಿ, ಬೆಣ್ಣೆ!

"ನೋಡಮ್ಮ, ನಾನು ಮನೆ ಓನರು ಕೆಂಪಮ್ಮ. ನಿನ್ನ ಗಂಡ ಗಟ್ಟಿಮುಟ್ಟಾಗಿದ್ದಾನೆ. ನೀನು ಬಾ" ಅಂದೆ.

"ನಮಸ್ಕಾರ್ರಿ ಅಮ್ಮಾರ. ನಿಮ್ಮ ಕೈಯಾಗ ಮಚ್ಚು ಇರತೈತಂತಲ್ರಿ?"

"ಮಚ್ಚೂ ಇಲ್ಲ, ಏನೂ ಇಲ್ಲ" ಅಂದು, ಪೇಪರಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದ ಮಚ್ಚನ್ನು ಇನ್ನಷ್ಟು ಒತ್ತಿ ಹಿಡಿದೆ. ಮೆಟ್ಟಿಲ ಮೇಲೆ ಬಿದ್ದು ಅದರ ಬಾಯಿ ಮುರಿದಿತ್ತು, ಬೂತಿನ ಪಕ್ಕದಲ್ಲೇ ಸಾಣೆಯವನು ಕೂರುತ್ತಾನೆ.

ಅವಳು ನಕ್ಕಳು. ಮೆತ್ತಗೆ, ಎಳೆ ಎಳೆಯಾಗಿ. "ಹಂಗಾದ್ರ ಬರ್ತೀನ್ರಿ. ಬರೂ ಮುಂದ ನಿಮಗ ಶೇಂಗಾ ಹೋಳಿಗಿ ಮಾಡಿ ತರ್ತೀನ್ರಿ. ನೀವು ಭಾಳ ಒಳ್ಳೇರ್ರಿ. ಮನ್ಯಾಗ ನೀವು ಒಬ್ಬಾಕಿನ ಇರ್ತೀರಂತಲ್ರಿ?"

ಸಂಗಪ್ಪ ಕುಣಿಯುವುದೊಂದು ಬಾಕಿ. ಬೂತಿನವನಿಗೆ ಕೈಕೊಟ್ಟ, ನನ್ನ ಕಾಲು ಮುಟ್ಟಿದ, ಅವಳನ್ನು ಕರೆತರಲು ಓಡುತ್ತಾ ಹೋಗಿ ಬಸ್ಸು ಹತ್ತಿದ. ನಾನು ಅಲ್ಲೇ ನಿಂತೆ. ಮುಖ ನೋಡದೆ ಒಳ್ಳೆಯವರು ಅಂದಳು. ಕೇಳದೆ ಹೋಳಿಗೆ ತರುತ್ತೇನೆ ಅಂದಳು. ಬೆಣ್ಣೆಯಂಥ ದನಿ, ಎಳೆ ನಗು. ಒಬ್ಬಳೇ ಇರುತ್ತೀರಂತಲ್ಲ ಅಂತ ಬೇರೆ ಕೇಳಿದಳು. ಜಲಜಮ್ಮ ಹೇಳಿದ್ದು ನೆನಪಾಯಿತು: ಕಾಲ ಬದಲಾಯ್ತು ಕಣ್ರೀ.

ಸಾಣೆಯವನ ಮುಂದೆ ಮಚ್ಚು ಇಟ್ಟೆ.

"ಎಷ್ಟು ಹರಿತ ಬೇಕಮ್ಮ?" ಅಂದ.

"ಹೋಳಿಗೆ ಕತ್ತರಿಸುವಷ್ಟು" ಅಂದೆ.